15 ಗ್ರಾಂ ಸ್ಟ್ರೈಕರ್: ಬ್ರೌಸರ್‌ನಲ್ಲಿ ಕೇರಂ ಕಟ್ಟಿದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಪಿಯುಸಿಯಲ್ಲಿ ನನಗೆ ವೆಕ್ಟರ್ ಅಂದರೆ ತಲೆ ಮೇಲೆ ಬಾಣ ಇಟ್ಟುಕೊಂಡ ಒಂದು ಅಕ್ಷರ, ಅಷ್ಟೇ. ಡಾಟ್ ಪ್ರಾಡಕ್ಟ್ ಸೂತ್ರ ಬಾಯಿಪಾಠ ಮಾಡಿದ್ದೆ, ಬರೆದೆ, ಮಾರ್ಕ್ಸ್ ಬಂತು, ಮರೆತೆ. ಆಮೇಲೆ ವರ್ಷಗಟ್ಟಲೆ ವೆಬ್‌ಸೈಟುಗಳ ಫಾರ್ಮು, ಟೇಬಲ್ಲು, ಬಟನ್ನು ಇವನ್ನೇ ಬರೆದು ಬರೆದು ಬೇಜಾರು ಹತ್ತಿತ್ತು. ಈ ಮಳೆಗಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಒಂದು ಗೇಮ್ ಬರೆಯೋಣ ಅನ್ನಿಸಿತು.

ಕೇರಂ ಆರಿಸಿಕೊಂಡಿದ್ದು ಸೋಮಾರಿತನದಿಂದ. ಮೇಲಿಂದ ನೋಡುವ ಆಟ, ಹಾಗಾಗಿ ಏನೂ ಕೆಳಗೆ ಬೀಳುವುದಿಲ್ಲ. ಓಡುವ, ಜಿಗಿಯುವ ಮನುಷ್ಯನ ಚಿತ್ರ ಬರೆಯಬೇಕಿಲ್ಲ. ಎಲ್ಲವೂ ದುಂಡಗೆ. ಇನ್ನೊಂದು ಅನುಕೂಲ ಏನೆಂದರೆ ಹಾಲ್‌ನಲ್ಲಿ ಅಪ್ಪನ ಬೋರ್ಡ್ ಇದೆ, ಅನುಮಾನ ಬಂದರೆ ಎದ್ದು ಹೋಗಿ ಒಂದು ಹೊಡೆದು ನೋಡಬಹುದು. ಅಪ್ಪನೂ ಇದ್ದಾರೆ. ಅದು ಅನುಕೂಲವೋ ಅನಾನುಕೂಲವೋ ಮುಂದೆ ಗೊತ್ತಾಗುತ್ತದೆ.

ಚಲನೆ, ಡಿಕ್ಕಿಯ ಲೆಕ್ಕವನ್ನು ತಾನೇ ಮಾಡಿಕೊಡುವ ಬಾಕ್ಸ್2ಡಿ, ಮ್ಯಾಟರ್ ಜೆಎಸ್ ತರಹದ ರೆಡಿಮೇಡ್ ಫಿಸಿಕ್ಸ್ ಇಂಜಿನ್ ಹಾಕಿದ್ದರೆ ಒಂದೆರಡು ಸಂಜೆಯ ಕೆಲಸ. ಆದರೆ ಅದು ಹೋಟೆಲಿಂದ ಸಾಂಬಾರ್ ತಂದು ಮನೆಯಲ್ಲಿ ಒಗ್ಗರಣೆ ಕೊಟ್ಟ ಹಾಗೆ. ನನಗೆ ಬೇಕಿದ್ದದ್ದು ಒಳಗಿನ ಲೆಕ್ಕ. ಆದ್ದರಿಂದ ಬರೀ ಜಾವಾಸ್ಕ್ರಿಪ್ಟ್, ಬ್ರೌಸರ್‌ನೊಳಗೆ ಚಿತ್ರ ಬಿಡಿಸಲು ಒಂದು ಕ್ಯಾನ್ವಾಸ್, ಬೇರೆ ಏನೂ ಬೇಡ ಅಂತ ಶುರು ಮಾಡಿದೆ.

ಟೇಪ್ ಹಿಡಿದು

ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ನಿಯಮದಲ್ಲಿ ಆಡುವ ಜಾಗ ಹೆಚ್ಚೆಂದರೆ 74 ಸೆಂ.ಮೀ. ಚೌಕ. ಪಾಕೆಟ್ 4.45 ಸೆಂ.ಮೀ. ಅಗಲ. ಕಾಯಿನ್ ಹೆಚ್ಚೆಂದರೆ 3.18 ಸೆಂ.ಮೀ. ಅಗಲ, ತೂಕ 5ರಿಂದ 5.5 ಗ್ರಾಂ. ಸ್ಟ್ರೈಕರ್ 4.13 ಸೆಂ.ಮೀ. ಮತ್ತು 15 ಗ್ರಾಂ ದಾಟುವಂತಿಲ್ಲ. ನಮ್ಮ ಬೋರ್ಡ್ ಟೇಪ್‌ಗೆ ಹೆಚ್ಚುಕಮ್ಮಿ ಇದೇ ಅಳತೆ ಕೊಟ್ಟಿತು.

ಇಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಕೊನೆಯವರೆಗೂ ನನ್ನನ್ನು ಕಾಪಾಡಿತು. ಲೆಕ್ಕವೆಲ್ಲ ಸೆಂಟಿಮೀಟರ್, ಗ್ರಾಂ, ಸೆಕೆಂಡಿನಲ್ಲೇ ಮಾಡುವುದು, ಪಿಕ್ಸೆಲ್ ಅನ್ನೋದು ಚಿತ್ರ ಬಿಡಿಸುವಾಗ ಮಾತ್ರ. 74 ಸೆಂ.ಮೀ. ಬೋರ್ಡಿಗೆ 740 ಪಿಕ್ಸೆಲ್, ಅಂದರೆ ಎಲ್ಲವನ್ನೂ ಹತ್ತರಿಂದ ಗುಣಿಸಿ ಬಿಡಿಸಿದರೆ ಮುಗಿಯಿತು. ವೇಗ 300 ಅಂದರೆ ಸೆಕೆಂಡಿಗೆ ಮೂರು ಮೀಟರ್ ಅಂತ ಕಣ್ಣಿಗೆ ಕಟ್ಟುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ 7.3 ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತೆ?

ಕ್ಯಾನ್ವಾಸ್‌ನಲ್ಲಿ ವೈ ಕೆಳಮುಖವಾಗಿ ಬೆಳೆಯುತ್ತದೆ. ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಶಾಲೆಯ ಗ್ರಾಫ್ ಶೀಟಿನ ಅಭ್ಯಾಸಕ್ಕೆ ಇದು ತಲೆಕೆಳಗು. ಇದನ್ನು ಓದಿ ತಿಳಿದಿದ್ದೆ, ಆದರೂ ಮೊದಲ ದಿನ ನನ್ನ ಸ್ಟ್ರೈಕರ್ ಮೇಲೆ ಎಳೆದರೆ ಮೇಲೇ ಹೋಗುತ್ತಿತ್ತು, ಹಿಂದಕ್ಕೆ ಎಳೆದು ಬಿಟ್ಟ ಹಾಗೆ ಆಗುತ್ತಲೇ ಇರಲಿಲ್ಲ.

ಆಮೇಲೆ ನಡುವೆ ಕಾಯಿನ್ ಜೋಡಿಸಬೇಕು. ಒಟ್ಟು 19. ನಡುವೆ ರೆಡ್, ಅದರ ಸುತ್ತ ಆರು, ಅದರಾಚೆ ಹನ್ನೆರಡು. ಕೈಯಲ್ಲಿ ಸಾವಿರ ಸಲ ಜೋಡಿಸಿದ್ದೇನೆ, ಲೆಕ್ಕ ಹಾಕಿದ್ದು ಇದೇ ಮೊದಲು. ಮೊದಲ ಸುತ್ತಿನ ಆರು ಕಾಯಿನ್ ರೆಡ್‌ನಿಂದ ಸರಿಯಾಗಿ ಒಂದು ವ್ಯಾಸದ ದೂರದಲ್ಲಿ, 60 ಡಿಗ್ರಿಗೊಂದರಂತೆ. ಕಾಸ್‌ನಿಂದ ಎಕ್ಸ್, ಸೈನ್‌ನಿಂದ ವೈ. ಎರಡನೇ ಸುತ್ತಿನಲ್ಲಿ ಆರು ಎರಡು ವ್ಯಾಸದ ದೂರದಲ್ಲಿವೆ, ಉಳಿದ ಆರು ಅವುಗಳ ಸಂದಿಯಲ್ಲಿ 1.732 ವ್ಯಾಸದ ದೂರದಲ್ಲಿವೆ. ಈ 1.732 ಎಲ್ಲಿಂದ ಬಂತು ಅಂತ ಕಾಗದದ ಮೇಲೆ ತ್ರಿಕೋನ ಬರೆದು ನೋಡಿದಾಗ ಮೂರರ ವರ್ಗಮೂಲ ಸಿಕ್ಕಿತು. ಆ ಹೊತ್ತಿಗೆ ಆದ ಖುಷಿ ಪಿಯುಸಿ ಫಲಿತಾಂಶದ ದಿನವೂ ಆಗಿರಲಿಲ್ಲ.

ಖುಷಿಯಿಂದ ರನ್ ಮಾಡಿದೆ. ಆರು ಕಾಯಿನ್ ಒಂದರ ಮೇಲೊಂದು ಹತ್ತಿ ಎರಡು ಗುಂಪಾಗಿ ಕೂತಿದ್ದವು. ಜಾವಾಸ್ಕ್ರಿಪ್ಟ್‌ನ ಕಾಸ್‌ಗೆ ಕೋನವನ್ನು ರೇಡಿಯನ್ ಅನ್ನುವ ಬೇರೆ ಅಳತೆಯಲ್ಲಿ ಕೊಡಬೇಕು, ನಾನು ಡಿಗ್ರಿ ಕೊಟ್ಟಿದ್ದೆ. 60 ಡಿಗ್ರಿಯ ಕಾಸ್ 0.5. 60 ರೇಡಿಯನ್‌ನ ಕಾಸ್ ಮೈನಸ್ 0.95. ಪೈ ಇಂದ ಗುಣಿಸಿ 180ರಿಂದ ಭಾಗಿಸಿದ ಮೇಲೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು.

ಕಾಣದ ಅಕ್ಷರ

ಇದು ಗಣಿತದ ತಪ್ಪಲ್ಲ, ಆದರೂ ಒಂದು ಇಡೀ ಸಂಜೆ ತಿಂದಿತು, ಹೇಳದೆ ಬಿಡಲಾರೆ.

ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. ನಿಜವಾಗಿ ನಡೆಯುತ್ತದೆ. ನಾನೂ ಹುರುಪಿನಿಂದ ಹೀಗೆ ಬರೆದೆ:

ಸ್ಥಾನ.ಎಕ್ಸ್ = ಸ್ಥಾನ.ಎಕ್ಸ್ + ವೇಗ.ಎಕ್ಸ್ * ಸಮಯ

ಇಷ್ಟೇ ನೋಡಿ ಚಲನೆಯ ಲೆಕ್ಕ. ಈಗಿರುವ ಜಾಗಕ್ಕೆ, ವೇಗವನ್ನು ಸಮಯದಿಂದ ಗುಣಿಸಿ ಕೂಡಿಸುವುದು. ವೈಗೂ ಇದೇ ಸಾಲು. ಓದಲು ಎಷ್ಟು ಚೆನ್ನಾಗಿದೆ ಅಲ್ವಾ? ರನ್ ಮಾಡಿದ ತಕ್ಷಣ ಸ್ಟ್ರೈಕರ್ ಮಾಯ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪ್ರಿಂಟ್ ಮಾಡಿ ನೋಡಿದರೆ ಸ್ಥಾನ ಅನ್ನೋದು ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲ ಅಂತ ಕಂಪ್ಯೂಟರ್ ಹೇಳುವ ಪರಿ. ಒಮ್ಮೆ ನ್ಯಾನ್ ಆದರೆ ಕಥೆ ಮುಗಿಯಿತು. ಅದಕ್ಕೆ ಏನೇ ಕೂಡಿಸಿ ಕಳೆಯಿರಿ, ನ್ಯಾನೇ. ಗೋಡೆ ದಾಟಿತಾ ಅಂತ ಕೇಳಿದರೆ ಇಲ್ಲ, ದಾಟಿಲ್ಲವಾ ಅಂದರೆ ಅದಕ್ಕೂ ಇಲ್ಲ. ಕ್ಯಾನ್ವಾಸ್ ಕೂಡ ಅದನ್ನು ಬಿಡಿಸಲು ಹೋಗದೆ ತೆಪ್ಪಗಿರುತ್ತದೆ.

ಕಾರಣ ಕೇಳಿದರೆ ನಗು ಬರುತ್ತೆ. ಕೋಡಿನ ಅರ್ಧ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದು, ಇನ್ನರ್ಧ ಬಸ್ಸಿನಲ್ಲಿ ಫೋನಿನಲ್ಲಿ ಬರೆದು ಆಮೇಲೆ ಅಂಟಿಸಿದ್ದು. ಒಂದು ಕೀಬೋರ್ಡ್ ಎಕ್ಸ್ ಅನ್ನೋದರ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತನ್ನು ಸೇರಿಸುತ್ತಿತ್ತು, ಒತ್ತಕ್ಷರ ಆಗದಂತೆ ತಡೆಯುವ ಗುರುತು ಅದು. ಇನ್ನೊಂದು ಸೇರಿಸುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಮಾತ್ರ ಎರಡು ಬೇರೆ ಹೆಸರು. ಹೆಸರಿನ ಉದ್ದ ಕೇಳಿದೆ, ಒಂದು ಕಡೆ 5 ಅಂತು, ಇನ್ನೊಂದು ಕಡೆ 6. ಆವತ್ತೇ ಎಲ್ಲ ಹೆಸರನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ. ಕನ್ನಡ ಪ್ರೇಮ ಕಾಮೆಂಟ್‌ಗಳಲ್ಲಿ ಇರಲಿ.

ವಾರದ ನಂತರ ಮತ್ತೆ ಸ್ಟ್ರೈಕರ್ ಮಾಯವಾಯಿತು. ಈ ಸಲ ಗಣಿತದ್ದೇ ತಪ್ಪು. ಹೊಡೆಯುವುದಕ್ಕೆ ಬೆರಳಿಟ್ಟು ಹಿಂದಕ್ಕೆ ಎಳೆದು ಬಿಡಬೇಕು. ಎಷ್ಟು ದೂರ, ಯಾವ ಕಡೆಗೆ ಎಳೆದೆ ಅನ್ನುವ ಬಾಣವೇ ಇಲ್ಲಿ ವೆಕ್ಟರ್. ಎಳೆದ ದಿಕ್ಕು ತಿಳಿಯಲು ಆ ವೆಕ್ಟರ್‌ನ ಎಕ್ಸ್, ವೈ ಎರಡನ್ನೂ ಅದರ ಉದ್ದದಿಂದ ಭಾಗಿಸಬೇಕು. ಉದ್ದ ಸಿಗುವುದು ಪೈಥಾಗರಸ್‌ನಿಂದ, ಎಕ್ಸ್ ವರ್ಗ ವೈ ವರ್ಗ ಕೂಡಿಸಿ ವರ್ಗಮೂಲ. ಭಾಗಿಸಿದ ಮೇಲೆ ಉಳಿಯುವುದು ಉದ್ದ 1 ಇರುವ ಬಾಣ, ಬರೀ ದಿಕ್ಕು, ಜೋರು ಎಷ್ಟು ಅನ್ನೋದು ಅದರಲ್ಲಿಲ್ಲ. ಇದನ್ನು ಯೂನಿಟ್ ವೆಕ್ಟರ್ ಅನ್ನುತ್ತಾರೆ. ಬೆರಳನ್ನು ಎಳೆಯದೆ ಸುಮ್ನೆ ಮುಟ್ಟಿ ಬಿಟ್ಟರೆ? ಉದ್ದ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ನ್ಯಾನ್. ಉದ್ದ ತೀರಾ ಕಡಿಮೆ ಇದ್ದರೆ ಹೊಡೆತವೇ ಇಲ್ಲ ಅಂತ ಒಂದು ಸಾಲು ಸೇರಿಸಿದೆ.

ಮೊದಮೊದಲು ನಾನು ಎಲ್ಲದಕ್ಕೂ ಕೋನ ಹುಡುಕುತ್ತಿದ್ದೆ. ವೈ ಭಾಗಿಸು ಎಕ್ಸ್, ಅದರ ಟ್ಯಾನ್ ತಿರುವುಮುರುವು, ಆಮೇಲೆ ಮತ್ತೆ ಕಾಸ್, ಸೈನ್. ಎಡಕ್ಕೆ ಹೊಡೆದರೆ ಬಲಕ್ಕೆ ಹೋಗುತ್ತಿತ್ತು, ಯಾಕೆಂದರೆ ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿದಾಗ ದಿಕ್ಕಿನ ಗುರುತೇ ಅಳಿಸಿ ಹೋಗುತ್ತದೆ. ಅದಕ್ಕೆಂದೇ ವೈ ಮತ್ತು ಎಕ್ಸ್ ಎರಡನ್ನೂ ಬೇರೆ ಬೇರೆಯಾಗಿ ಕೇಳುವ ಎಟ್ಯಾನ್2 ಇದೆ. ಆದರೆ ನನ್ನ ಅನುಭವ ಕೇಳಿದರೆ, ಇಂಥ ಆಟದಲ್ಲಿ ಕೋನದ ಸಹವಾಸವೇ ಬೇಕಿಲ್ಲ. ಯೂನಿಟ್ ವೆಕ್ಟರ್ ಸಾಕು. ಈಗ ನನ್ನ ಕೋಡಿನಲ್ಲಿ ಕಾಸ್, ಸೈನ್ ಇರುವುದು ಕಾಯಿನ್ ಜೋಡಿಸುವ ಕಡೆ ಮಾತ್ರ.

ಪೌಡರ್

ಕಾಯಿನ್ ನಿಲ್ಲಬೇಕಲ್ಲ. ಎಲ್ಲರೂ ಮಾಡುವ ಹಾಗೆ ಪ್ರತಿ ಫ್ರೇಮಿಗೂ, ಅಂದರೆ ಪರದೆ ಚಿತ್ರ ಬದಲಿಸಿದಾಗಲೆಲ್ಲ, ವೇಗವನ್ನು 0.98ರಿಂದ ಗುಣಿಸಿದೆ. ನೋಡಲು ಪರವಾಗಿಲ್ಲ, ಆದರೆ ಕೊನೆಯಲ್ಲಿ ಕಾಯಿನ್ ಬಸವನಹುಳುವಿನ ಹಾಗೆ ತೆವಳುತ್ತಾ ತೆವಳುತ್ತಾ ಇರುತ್ತಿತ್ತು. ನಿಂತಿತು ಅಂದುಕೊಂಡರೆ ನಿಂತಿಲ್ಲ. ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು.

"ಏನೋ ಇದು, ನೀರಿನ ಮೇಲೆ ಆಡ್ತಿದ್ದೀಯಾ?"

ಅವರು ತಮಾಷೆಗೆ ಹೇಳಿದ್ದು, ಆದರೆ ವಿಷಯ ಅದೇ ಆಗಿತ್ತು. ವೇಗಕ್ಕೆ ತಕ್ಕಂತೆ ತಡೆ ಹೆಚ್ಚು ಕಡಿಮೆ ಆಗುವುದು ದ್ರವದೊಳಗೆ ಸಾಗುವ ವಸ್ತುವಿಗೆ. ಮರದ ಮೇಲೆ ಜಾರುವ ಕಾಯಿನ್‌ಗೆ ಹಾಗಲ್ಲ. ಅಲ್ಲಿ ಘರ್ಷಣೆ ವೇಗವನ್ನು ಕೇಳುವುದಿಲ್ಲ, ಜೋರಾಗಿ ಹೋದರೂ ನಿಧಾನ ಹೋದರೂ ಸೆಕೆಂಡಿಗೆ ಇಷ್ಟು ಅಂತ ಒಂದೇ ಸಮನೆ ಕಡಿಮೆ ಮಾಡುತ್ತದೆ. ಎಷ್ಟು ಅನ್ನುವುದಕ್ಕೆ ಘರ್ಷಣಾಂಕವನ್ನು, ಅಂದರೆ ಮೇಲ್ಮೈ ಎಷ್ಟು ತಡೆಯುತ್ತದೆ ಅಂತ ಹೇಳುವ ಸಂಖ್ಯೆಯನ್ನು, ಗುರುತ್ವದ 981 ಸೆಂ.ಮೀ.ಯಿಂದ ಗುಣಿಸಬೇಕು. ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಮೇಲೂ ಕೆಳಗೂ ಹೊಡೆದು ಹೋಗುತ್ತದೆ.

ನಮ್ಮ ಬೋರ್ಡಿನ ಘರ್ಷಣಾಂಕ ಎಷ್ಟು? ಅಳೆದೇ ಬಿಡೋಣ ಅಂತ ಬೋರಿಕ್ ಪೌಡರ್ ಹಾಕಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ವಿಡಿಯೋ ತೆಗೆದೆ. ಇಲ್ಲಿ ಒಂದು ಸುಲಭದ ದಾರಿ ಇದೆ. ಹೊರಟಾಗ ವೇಗ ಎಷ್ಟಿತ್ತು ಅಂತ ಗೊತ್ತಿರಬೇಕಿಲ್ಲ. ಒಂದು ಗೆರೆ ದಾಟಿದ ಮೇಲೆ ಎಷ್ಟು ದೂರ ಹೋಯಿತು, ನಿಲ್ಲಲು ಎಷ್ಟು ಹೊತ್ತು ಹಿಡಿಯಿತು, ಇಷ್ಟು ಸಾಕು. ದೂರವನ್ನು ಎರಡರಿಂದ ಗುಣಿಸಿ ಸಮಯದ ವರ್ಗದಿಂದ ಭಾಗಿಸಿದರೆ ತಡೆ ಸಿಕ್ಕಿತು. ಪೌಡರ್ ಇದ್ದಾಗ 60 ಸೆಂ.ಮೀ. ಹೋಗಿ ನಿಲ್ಲಲು 1.1 ಸೆಕೆಂಡ್. 120 ಭಾಗಿಸು 1.21, ಅಂದರೆ ಸುಮಾರು 99. ಘರ್ಷಣಾಂಕ 0.1. ಬೋರ್ಡನ್ನು ಚೆನ್ನಾಗಿ ಒರೆಸಿ ಮತ್ತೆ ಮಾಡಿದಾಗ ಅದೇ ದೂರಕ್ಕೆ 0.8 ಸೆಕೆಂಡ್. ತಡೆ 187, ಘರ್ಷಣಾಂಕ 0.19. ಒಂದು ಚಿಟಿಕೆ ಪೌಡರ್ ತಡೆಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ.

99 ಹಾಕಿ ಬರೆದೆ. ಬರೆದದ್ದು ತಪ್ಪಾಗಿತ್ತು. ಎಕ್ಸ್ ವೇಗದಿಂದಲೂ 99 ಕಳೆದೆ, ವೈ ವೇಗದಿಂದಲೂ 99 ಕಳೆದೆ. ನೇರ ಹೊಡೆದರೆ ಸರಿ. ಓರೆ ಹೊಡೆದರೆ ಸ್ಟ್ರೈಕರ್ ಬಾಳೆಹಣ್ಣಿನ ಹಾಗೆ ಬಾಗಿ ಹೋಗುತ್ತಿತ್ತು. ಯಾಕೆ ಅಂತ ಯೋಚಿಸಿ. ಎಕ್ಸ್ 200, ವೈ 50 ಇದ್ದರೆ ವೈ ಅರ್ಧ ಸೆಕೆಂಡಿನಲ್ಲೇ ಸೊನ್ನೆ, ಎಕ್ಸ್ ಮಾತ್ರ ಮುಂದುವರಿಯುತ್ತದೆ, ಆಗ ದಾರಿ ಬಾಗಲೇಬೇಕು. ಘರ್ಷಣೆ ಎಳೆಯುವುದು ಚಲನೆಗೆ ಸರಿಯಾಗಿ ಎದುರು ದಿಕ್ಕಿಗೆ, ಎಕ್ಸ್‌ಗೆ ಒಂದು ವೈಗೆ ಒಂದು ಅಂತಲ್ಲ. ವೇಗದ ಯೂನಿಟ್ ವೆಕ್ಟರ್ ತೆಗೆದು, ಅದನ್ನು 99ರಿಂದ ಗುಣಿಸಿ ಕಳೆದಾಗ ನೇರವಾಯಿತು. ಇನ್ನೂ ಒಂದು ಕಿರಿಕಿರಿ ಉಳಿದಿತ್ತು. ನಿಲ್ಲುವ ಹೊತ್ತಿಗೆ ಉಳಿದ ವೇಗಕ್ಕಿಂತ ಕಳೆಯುವುದು ಜಾಸ್ತಿ ಆಗಿ ಕಾಯಿನ್ ಹಿಂದಕ್ಕೆ ಹೊರಳುತ್ತದೆ, ಮತ್ತೆ ಮುಂದಕ್ಕೆ, ಹೀಗೆ ನಡುಗುತ್ತಾ ನಿಂತಿರುತ್ತದೆ. ಕಳೆಯುವುದಕ್ಕಿಂತ ಉಳಿದದ್ದು ಕಡಿಮೆ ಇದ್ದರೆ ಸೊನ್ನೆ ಮಾಡಿಬಿಡು ಅಂತ ಬರೆದೆ.

ಡಿಕ್ಕಿ

ನಿಜವಾದ ಕೆಲಸ ಇಲ್ಲಿಂದ.

ಎರಡು ದುಂಡನೆಯ ವಸ್ತು ತಾಗಿವೆಯಾ ಅಂತ ಕೇಳುವುದು ಸುಲಭ. ಕೇಂದ್ರಗಳ ನಡುವಿನ ದೂರ ಎರಡೂ ತ್ರಿಜ್ಯ ಕೂಡಿದ್ದಕ್ಕಿಂತ ಕಡಿಮೆ ಇದ್ದರೆ ತಾಗಿವೆ. ಸ್ಟ್ರೈಕರ್ 2.065, ಕಾಯಿನ್ 1.59, ಕೂಡಿದರೆ 3.655 ಸೆಂ.ಮೀ. ವರ್ಗಮೂಲ ತೆಗೆಯುವ ಗೋಜೂ ಬೇಡ, ಎರಡೂ ಕಡೆ ವರ್ಗವನ್ನೇ ಹೋಲಿಸಿದರಾಯಿತು.

ತಾಗಿದ ಮೇಲೆ ಏನು? ನನ್ನ ಮೊದಲ ಪ್ರಯತ್ನದಲ್ಲಿ ಎರಡರ ವೇಗವನ್ನು ಅದಲು ಬದಲು ಮಾಡಿದ್ದೆ. ಎದುರಾಬದುರು ಹೊಡೆದಾಗ ಸ್ಟ್ರೈಕರ್ ಇದ್ದಲ್ಲೇ ಗಕ್ಕನೆ ನಿಂತು ಕಾಯಿನ್ ಮುಂದೆ ಹೋಯಿತು. ಆಹಾ ಬಂತು ಅಂತ ಅಪ್ಪನನ್ನು ಕರೆದೆ. ಅವರು ಒಂದು ಹೊಡೆದರು, ಎರಡು ಹೊಡೆದರು.

"ಸ್ಟ್ರೈಕರ್ ಹಿಂಗೆ ನಿಲ್ಲಲ್ಲ ಕಣೋ. ಕಾಯಿನ್ ಹಿಂದೆನೇ ಹೋಗ್ಬೇಕು. ಎಷ್ಟು ಸಲ ಕಾಯಿನ್ ಜೊತೆ ಸ್ಟ್ರೈಕರೂ ಒಳಗೆ ಬಿದ್ದು ಫೈನ್ ಕಟ್ಟಿಲ್ಲ ನಾನು?"

ಅವರಿಗೆ ಸೂತ್ರ ಗೊತ್ತಿಲ್ಲ. ನನಗೆ ಸೂತ್ರ ಗೊತ್ತಿತ್ತು, ಅದರಲ್ಲಿ ತೂಕ ಇದೆ ಅನ್ನೋದು ಮರೆತಿತ್ತು. ಅದಲು ಬದಲಾಗುವುದು ತೂಕ ಸಮ ಇದ್ದಾಗ ಮಾತ್ರ. 15 ಗ್ರಾಂ ಸ್ಟ್ರೈಕರ್ 5 ಗ್ರಾಂ ಕಾಯಿನ್‌ಗೆ ನೇರ ಬಡಿದರೆ, ಶಕ್ತಿ ಒಂದಿಷ್ಟೂ ನಷ್ಟವಾಗದಿದ್ದರೆ, ಸ್ಟ್ರೈಕರ್ ಅರ್ಧ ವೇಗದಲ್ಲಿ ಮುಂದೆಯೇ ಹೋಗುತ್ತದೆ, ಕಾಯಿನ್ ಒಂದೂವರೆ ಪಟ್ಟು ವೇಗದಲ್ಲಿ ಚಿಮ್ಮುತ್ತದೆ. ಕಾಯಿನ್ ಸ್ಟ್ರೈಕರ್‌ಗಿಂತ ಜೋರಾಗಿ ಓಡುವುದು ಇದಕ್ಕೇ.

ಸರಿ, ಓರೆ ತಾಗಿದರೆ? ಇಲ್ಲಿ ಬಂತು ನೋಡಿ ಡಾಟ್ ಪ್ರಾಡಕ್ಟ್. ಕೇರಂ ಆಡುವವರಿಗೆಲ್ಲ ಗೊತ್ತಿರುವ ಸಂಗತಿ, ಕಾಯಿನ್ ಹೋಗುವುದು ಸ್ಟ್ರೈಕರ್ ಬಂದ ದಿಕ್ಕಿಗಲ್ಲ, ತಾಗಿದ ಕ್ಷಣದಲ್ಲಿ ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಯ ದಿಕ್ಕಿಗೆ. ಕಟ್ ಹೊಡೆಯುವುದು ಅಂದರೆ ಆ ಗೆರೆಯನ್ನು ಪಾಕೆಟ್ ಕಡೆ ತಿರುಗಿಸುವುದು. ಸ್ಟ್ರೈಕರ್‌ನ ವೇಗದಲ್ಲಿ ಆ ಗೆರೆಯ ಉದ್ದಕ್ಕೆ ಇರುವ ಪಾಲು ಎಷ್ಟು, ಕಾಯಿನ್‌ಗೆ ದಾಟುವ ಹೊಡೆತಕ್ಕೆ ಅಷ್ಟು ಮಾತ್ರ ಲೆಕ್ಕ. ಆ ಪಾಲನ್ನು ಹೇಳುವುದೇ ಡಾಟ್ ಪ್ರಾಡಕ್ಟ್. ಎಕ್ಸ್‌ಗೆ ಎಕ್ಸ್ ಗುಣಿಸು, ವೈಗೆ ವೈ ಗುಣಿಸು, ಕೂಡು. ಇಷ್ಟಕ್ಕೆ ಎರಡು ವರ್ಷ ಹೆದರಿದ್ದೆ.

ಕೈಯಲ್ಲಿ ಒಂದು ಲೆಕ್ಕ ಮಾಡಿ ನೋಡೋಣ, ನಾನು ಇದನ್ನೇ ಕಾಗದದಲ್ಲಿ ಮಾಡಿಟ್ಟುಕೊಂಡು ಕೋಡಿನ ಉತ್ತರ ತಾಳೆ ನೋಡಿದ್ದು. ಸ್ಟ್ರೈಕರ್ ಬಲಕ್ಕೆ 300ರಲ್ಲಿ ಬರುತ್ತಿದೆ, ವೇಗ (300, 0). ಕಾಯಿನ್ ನಿಂತಿದೆ. ಕೇಂದ್ರಗೆರೆಯ ಯೂನಿಟ್ ವೆಕ್ಟರ್ (0.8, 0.6). ಡಾಟ್ ಪ್ರಾಡಕ್ಟ್ 240. ಡಿಕ್ಕಿಯಲ್ಲಿ ಸ್ವಲ್ಪ ನಷ್ಟ ಇರಲಿ ಅಂತ ಪುಟಿತದ ಅಂಕ (ನಷ್ಟವೇ ಇಲ್ಲದಿದ್ದರೆ 1) 0.9 ಇಟ್ಟೆ, ಇದು ಅಳೆದದ್ದಲ್ಲ, ಕಣ್ಣಂದಾಜು. ದಾಟುವ ಹೊಡೆತ ಎಷ್ಟೆಂದರೆ, 240ನ್ನು 1.9ರಿಂದ (1 ಕೂಡಿಸು 0.9) ಗುಣಿಸಿ, ಹದಿನೈದರಲ್ಲೊಂದು ಮತ್ತು ಐದರಲ್ಲೊಂದು ಕೂಡಿದ್ದರಿಂದ ಭಾಗಿಸಬೇಕು. ಬರುವುದು 1710. ಇದನ್ನು ಕಾಯಿನ್‌ನ ತೂಕ 5ರಿಂದ ಭಾಗಿಸಿದರೆ 342, ಗೆರೆಯ ದಿಕ್ಕಿಗೆ ಬಿಡಿಸಿ ಬರೆದರೆ (273.6, 205.2). ಸ್ಟ್ರೈಕರ್ ಕಳೆದುಕೊಳ್ಳುವುದು 1710 ಭಾಗಿಸು 15, ಅಂದರೆ 114, ಉಳಿಯುವುದು (208.8, -68.4). ಈಗ ಮಜಾ ನೋಡಿ. ತೂಕ ಗುಣಿಸು ವೇಗ ಮಾಡಿ ಕೂಡಿಸಿದರೆ ಎಕ್ಸ್‌ನಲ್ಲಿ 3132 ಮತ್ತು 1368, ಒಟ್ಟು 4500. ಡಿಕ್ಕಿಗೆ ಮೊದಲು 15 ಗುಣಿಸು 300, ಅದೂ 4500. ವೈನಲ್ಲಿ 1026 ಮತ್ತು ಮೈನಸ್ 1026, ಸೊನ್ನೆ. ಒಂದು ಗ್ರಾಂನಷ್ಟೂ ಆಚೀಚೆ ಆಗಲಿಲ್ಲ. ಇದನ್ನೇ ಕೋಡಿನೊಳಗೆ ಒಂದು ಪರೀಕ್ಷೆಯಾಗಿ ಇಟ್ಟಿದ್ದೇನೆ, ಪ್ರತಿ ಡಿಕ್ಕಿಗೂ ಮುಂಚೆ ಆಮೇಲೆ ಒಟ್ಟು ತಾಳೆಯಾಗದಿದ್ದರೆ ಕೂಗುತ್ತದೆ.

ಕೂಗಲಿಲ್ಲ. ಆದರೂ ಆಟ ಕೆಟ್ಟಿತು. ತಾಗಿದ ಕಾಯಿನ್‌ಗಳು ಬಿಡದೆ ಅಂಟಿಕೊಂಡು ಜೇನುನೊಣದ ಹಾಗೆ ಗುಂಯ್ ಅಂತ ನಡುಗುತ್ತಿದ್ದವು. ಒಂದು ಹೆಜ್ಜೆಯಲ್ಲಿ ಡಿಕ್ಕಿಯಾಗಿ ದೂರ ಸರಿಯಲು ಶುರು ಮಾಡಿವೆ, ಆದರೆ ಮುಂದಿನ ಹೆಜ್ಜೆಗೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಸ್ವಲ್ಪ ಒಂದರೊಳಗೊಂದು ಇವೆ. ನನ್ನ ಕೋಡ್ ಅದನ್ನು ಹೊಸ ಡಿಕ್ಕಿ ಅಂದುಕೊಂಡು ಮತ್ತೆ ಒಂದರ ಕಡೆ ಒಂದನ್ನು ತಳ್ಳುತ್ತಿತ್ತು. ಔಷಧಿ ಒಂದೇ ಸಾಲು: ಇವು ಈಗಾಗಲೇ ದೂರ ಸರಿಯುತ್ತಿದ್ದರೆ ಮುಟ್ಟಬೇಡ. ದೂರ ಸರಿಯುತ್ತಿವೆಯಾ ಅಂತ ಹೇಳುವುದೂ ಅದೇ ಡಾಟ್ ಪ್ರಾಡಕ್ಟ್‌ನ ಪ್ಲಸ್ಸೋ ಮೈನಸ್ಸೋ. ಜೊತೆಗೆ ಒಳಗೆ ನುಗ್ಗಿದಷ್ಟು ದೂರವನ್ನು ಹೊರಕ್ಕೆ ಸರಿಸಬೇಕು. ಅದನ್ನೂ ತೂಕ ನೋಡಿಯೇ ಹಂಚುವುದು, ಸ್ಟ್ರೈಕರ್ ಕಾಲು ಪಾಲು ಸರಿದರೆ ಕಾಯಿನ್ ಮುಕ್ಕಾಲು ಪಾಲು.

ಹುಂಡಿ

ಅಕ್ಕನ ಮಗಳು ರಜೆಗೆ ಬಂದಿದ್ದಳು. ಅವಳ ಅಮ್ಮನ ಫೋನಿನಲ್ಲಿ ತೆರೆದು ಕೊಟ್ಟೆ. "ಮಾಮ, ಇದ್ರಲ್ಲಿ ಫಾಸ್ಟ್ ಆಗಿದೆ" ಅಂದಳು. ನಿಜ, ಎರಡು ಪಟ್ಟು ಫಾಸ್ಟ್. ನನ್ನ ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಆ ಫೋನ್ 120 ಸಲ. ನಾನು ಸಮಯ ಅನ್ನುವ ಕಡೆ ಅರವತ್ತರಲ್ಲೊಂದು ಅಂತ ಬರೆದು ಬಿಟ್ಟಿದ್ದೆ. ಬ್ರೌಸರ್ ಪ್ರತಿ ಫ್ರೇಮಿಗೂ ಗಡಿಯಾರದ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ, ಅದರಿಂದ ಹಿಂದಿನ ಫ್ರೇಮಿನದನ್ನು ಕಳೆದು ಉಳಿದದ್ದನ್ನೇ ಬಳಸಿದೆ. ಸರಿಹೋಯಿತು. ಆಮೇಲೆ ಅವಳು ನಡುವೆ ಬೇರೆ ಟ್ಯಾಬ್‌ಗೆ ಹೋಗಿ ಏನೋ ನೋಡಿ ಬಂದಳು. ಬರುವಷ್ಟರಲ್ಲಿ ಕಾಯಿನ್‌ಗಳು ಬೋರ್ಡಿನಾಚೆ. ಟ್ಯಾಬ್ ಮರೆಯಾದಾಗ ಬ್ರೌಸರ್ ಫ್ರೇಮ್ ಕೊಡುವುದನ್ನು ನಿಲ್ಲಿಸುತ್ತದೆ, ಹಿಂದಿರುಗಿದಾಗ ನನ್ನ ಕಳೆಯುವ ಲೆಕ್ಕಕ್ಕೆ ಹತ್ತಾರು ಸೆಕೆಂಡು ಒಂದೇ ಗುಕ್ಕಿಗೆ ಸಿಕ್ಕಿತು.

ಇದೇ ವಾರ ಇನ್ನೊಂದು. ಜೋರಾಗಿ ಹೊಡೆದರೆ ಸ್ಟ್ರೈಕರ್ ಕೆಲವು ಸಲ ಕಾಯಿನ್ ಮೂಲಕವೇ ಹಾದು ಹೋಗುತ್ತಿತ್ತು, ದೆವ್ವದ ಹಾಗೆ. ಆಟ ಶುರು ಮಾಡುವ ಅಪ್ಪನ ಬ್ರೇಕ್ ಹೊಡೆತವನ್ನು ಸ್ಲೋ ಮೋಷನ್‌ನಲ್ಲಿ ಹಿಡಿದೆ, ಸೆಕೆಂಡಿಗೆ 240 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಸುಮಾರು 2 ಸೆಂ.ಮೀ. ಅಂದರೆ ಸೆಕೆಂಡಿಗೆ 480 ಸೆಂ.ಮೀ. ಈ ವೇಗದಲ್ಲಿ ಅರವತ್ತರಲ್ಲೊಂದು ಸೆಕೆಂಡಿಗೆ ಸ್ಟ್ರೈಕರ್ 8 ಸೆಂ.ಮೀ. ಹಾರುತ್ತದೆ. ಕಾಯಿನ್ ಇರುವುದೇ 3.18. ಈ ಫ್ರೇಮಿನಲ್ಲಿ ಕಾಯಿನ್‌ನ ಈಚೆ, ಮುಂದಿನ ಫ್ರೇಮಿನಲ್ಲಿ ಆಚೆ. ನಡುವೆ ತಾಗಿದ್ದನ್ನು ನೋಡುವವರೇ ಇಲ್ಲ.

ಎರಡಕ್ಕೂ ಒಂದೇ ಮದ್ದು. ಫ್ರೇಮಿನ ಸಮಯವನ್ನು ನೇರ ಬಳಸದೆ ಒಂದು ಹುಂಡಿಗೆ ಹಾಕುವುದು. ಹುಂಡಿಯಿಂದ ಒಂದೊಂದೇ ಮಿಲಿಸೆಕೆಂಡ್ ತೆಗೆದು ಒಂದೊಂದು ಹೆಜ್ಜೆ ನಡೆಸುವುದು. ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಉಳಿದರೆ ಅದು ಹುಂಡಿಯಲ್ಲೇ ಇರಲಿ, ಮುಂದಿನ ಫ್ರೇಮಿಗೆ ಆಗುತ್ತದೆ. ಯಾವುದೇ ಫ್ರೇಮ್ 50 ಮಿಲಿಸೆಕೆಂಡಿಗಿಂತ ಜಾಸ್ತಿ ತಂದರೆ ಹೆಚ್ಚಿನದನ್ನು ಬಿಸಾಕುವುದು. ಈಗ ಜೋರು ಹೊಡೆತದಲ್ಲೂ ಒಂದು ಹೆಜ್ಜೆಗೆ ಅರ್ಧ ಸೆಂ.ಮೀ. ಒಳಗೇ ಚಲನೆ. ಫೋನ್ ಸುಸ್ತಾಗುತ್ತಾ ಅಂತ ಹೆದರಿಕೆ ಇತ್ತು. 20 ವಸ್ತುಗಳಿಗೆ 190 ಜೋಡಿ, ಸೆಕೆಂಡಿಗೆ ಸಾವಿರ ಹೆಜ್ಜೆ, 1,90,000 ಹೋಲಿಕೆ. ಅಕ್ಕನ ಫೋನ್ ಬಿಸಿಯೂ ಆಗಲಿಲ್ಲ.

ಗೋಡೆ, ಪಾಕೆಟ್

ಗೋಡೆ ಸುಲಭ. ಎಡ ಬಲದ ಗೋಡೆಗೆ ತಾಗಿದರೆ ಎಕ್ಸ್ ವೇಗದ ಗುರುತು ಬದಲಿಸು, ಮೇಲೆ ಕೆಳಗಿನದಕ್ಕೆ ವೈ. ಇಲ್ಲೂ ಅದೇ ಹಳೆಯ ಪಾಠ, ಗೋಡೆಯ ಕಡೆ ಹೋಗುತ್ತಿದ್ದರೆ ಮಾತ್ರ ಬದಲಿಸಬೇಕು, ಇಲ್ಲದಿದ್ದರೆ ಗೋಡೆಗೇ ಅಂಟುತ್ತದೆ. ವಿಡಿಯೋದಲ್ಲಿ ಅಳೆದಾಗ ಗೋಡೆಯಿಂದ ವಾಪಸ್ ಬರುವ ವೇಗ ಬಂದದ್ದರ ಸುಮಾರು ಮುಕ್ಕಾಲು.

ಈಗ ನನ್ನ ಹತ್ತಿರ ವೇಗ 480, ತಡೆ 99, ಗೋಡೆ 0.75 ಇದ್ದವು. ಖಾಲಿ ಬೋರ್ಡಿನಲ್ಲಿ ನೇರ ಹೊಡೆದರೆ ಏನಾಗಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದೊಂದು ಓಟಕ್ಕೂ ವೇಗದ ವರ್ಗದಿಂದ, ತಡೆಯ ಎರಡರಷ್ಟನ್ನು ದೂರದಿಂದ ಗುಣಿಸಿ ಕಳೆಯುವುದು, ಗೋಡೆಯಲ್ಲಿ ಮುಕ್ಕಾಲು ಮಾಡುವುದು. ನಾಲ್ಕು ಸಲ ಗೋಡೆಗೆ ಬಡಿದು, ಐದನೇ ಓಟದ ಹೆಚ್ಚುಕಮ್ಮಿ ಅರ್ಧಕ್ಕೆ ನಿಲ್ಲಬೇಕು. ಗೇಮ್ ಹಾಗೇ ಮಾಡಿತು. ಅಪ್ಪನನ್ನು ಕರೆದು ಖಾಲಿ ಬೋರ್ಡಿನಲ್ಲಿ ಹೊಡೆಯಲು ಹೇಳಿದೆ. ನಾಲ್ಕು ಬಡಿತ, ನಿಂತದ್ದು ನಡುವಿನ ವೃತ್ತ ದಾಟಿ ಒಂದು ಗೇಣು ಆಚೆ. "ಇಷ್ಟಕ್ಕೆ ಯಾಕೆ ಇಷ್ಟು ನಗ್ತಿದ್ದೀಯಾ?" ಅಂತ ಅಮ್ಮ ಅಡುಗೆಮನೆಯಿಂದ ಕೇಳಿದರು.

ಪಾಕೆಟ್‌ನಲ್ಲಿ ಮೊದಲು ಅತಿ ಕಟ್ಟುನಿಟ್ಟು ಮಾಡಿದ್ದೆ, ಕಾಯಿನ್ ಪೂರ್ತಿ ತೂತಿನೊಳಗೆ ಬಂದರೆ ಮಾತ್ರ ಬಿತ್ತು ಅಂತ. 2.225ರಿಂದ 1.59 ಕಳೆದರೆ 0.635 ಸೆಂ.ಮೀ. ಜಾಗ ಅಷ್ಟೇ. ಕಾಯಿನ್‌ಗಳು ಮುಕ್ಕಾಲು ಗಾಳಿಯಲ್ಲಿ ನಿಂತಿರುತ್ತಿದ್ದವು. ನಿಜವಾಗಿ ಬೀಳುವುದು ಕಾಯಿನ್‌ನ ಕೇಂದ್ರ ತೂತಿನ ಅಂಚು ದಾಟಿದಾಗ, ಭಾರ ಅಲ್ಲಿದೆ. ಕೇಂದ್ರದಿಂದ ಕೇಂದ್ರಕ್ಕೆ 2.225ಕ್ಕಿಂತ ಕಡಿಮೆ ಅಂತ ಬದಲಿಸಿದೆ, ಅಷ್ಟೇ.

ಸರಿಹೋಗದ್ದೂ ಇದೆ. ಬ್ರೇಕ್‌ನಲ್ಲಿ ಸರಿಯಾಗಿ ನಡುವೆ ಹೊಡೆದರೆ ಎಡಕ್ಕೂ ಬಲಕ್ಕೂ ಸಮ ಚದುರಬೇಕು, ನನ್ನದರಲ್ಲಿ ಎಡಕ್ಕೆ ಒಂಚೂರು ಜಾಸ್ತಿ. 19 ಕಾಯಿನ್ ಒಂದಕ್ಕೊಂದು ತಾಗಿಯೇ ಕೂತಿರುವಾಗ ನನ್ನ ಕೋಡ್ ಜೋಡಿಗಳನ್ನು ಒಂದಾದ ಮೇಲೊಂದು ನೋಡುತ್ತದೆ, ಮೊದಲು ನೋಡಿದ ಜೋಡಿಗೆ ಮೊದಲ ಪಾಲು. ಪಟ್ಟಿಯನ್ನು ಪ್ರತಿ ಹೆಜ್ಜೆಗೂ ಕಲೆಸಿ, ಕಾಯಿನ್‌ಗಳ ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟೆ. ಪಕ್ಷಪಾತ ಹೋಯಿತು, ಬದಲಿಗೆ ಪ್ರತಿ ಸಲವೂ ಬೇರೆ ಥರ ಚದುರುತ್ತದೆ. ಕೈಯಲ್ಲಿ ಜೋಡಿಸಿದಾಗಲೂ ಹಾಗೇ ಅಲ್ವಾ, ಬಿಟ್ಟುಬಿಟ್ಟೆ. ಕಾಯಿನ್ ತನ್ನ ಸುತ್ತ ತಾನು ತಿರುಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಕೊನೆಗೆ ಮೂಲೆಯಲ್ಲಿ ಪೌಡರ್ ಡಬ್ಬಿಯ ಚಿತ್ರದ ಒಂದು ಬಟನ್ ಇಟ್ಟೆ. ಆಟ ಒರೆಸಿದ ಬೋರ್ಡಿನ 187ರಲ್ಲಿ ಶುರುವಾಗುತ್ತದೆ, ಬಟನ್ ಒತ್ತಿದರೆ ತಡೆಯನ್ನು 0.53ರಿಂದ ಗುಣಿಸುತ್ತದೆ, 99 ಆಗುತ್ತದೆ. ಭಾನುವಾರ ಅಪ್ಪನಿಗೂ ಅಕ್ಕನ ಮಗಳಿಗೂ ಪಂದ್ಯ. ಅಪ್ಪ ಆಟ ಶುರುವಾಗುವ ಮೊದಲೇ ಡಬ್ಬಿಯನ್ನು ಮೂರು ಸಲ ಒತ್ತಿದರು, ಮನೆಯ ಬೋರ್ಡಿಗೂ ಅವರು ಉದುರಿಸುವುದು ಹಾಗೇ. ಒಂದು ಸಲಕ್ಕಿಂತ ಜಾಸ್ತಿ ಒತ್ತಬಾರದು ಅಂತ ನಾನು ಬರೆದಿರಲಿಲ್ಲ. ತಡೆ 28ಕ್ಕೆ ಇಳಿದಿತ್ತು. ಸ್ಟ್ರೈಕರ್ ಗೋಡೆಯಿಂದ ಗೋಡೆಗೆ ಓಡುತ್ತಲೇ ಇತ್ತು, ಅದು ನಿಲ್ಲುವಷ್ಟರಲ್ಲಿ ರೆಡ್ ಮತ್ತು ಎರಡು ಬಿಳಿ ಕಾಯಿನ್ ಒಳಗೆ ಬಿದ್ದಿದ್ದವು. "ಇದು ಮೋಸ ಮಾಮ" ಅಂತ ಅವಳು ಫೋನ್ ಕೆಳಗಿಟ್ಟಳು. ಅಪ್ಪ ಮಾತ್ರ ಮೊದಲ ಸಲ, ಈಗ ಬೋರ್ಡ್ ಚೆನ್ನಾಗಿದೆ ಅಂದರು.